ರಾತ್ರಿ ಊಟದ ಮಾತ್ರೆ

“ಪ್ರೆಶರಿನ ಮಾತ್ರೆ ತಪ್ಪಿಸಿದ್ದುಂಟಾ?” ಎಂದು ಡಾಕ್ಟರು ಕೇಳಿದ್ದೇ ತಡ, ಜಿನರಾಜರಿಗೆ ಸಿಟ್ಟು ಬಂತು. ಹೆಂಡತಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಅಳದಂಗಡಿಯಿಂದ ಮೂಡುಬಿದಿರೆಯ ಈ ಆಸ್ಪತ್ರೆಗೆ ಓಡಿಬಂದದ್ದು ಮೊನ್ನೆ. ಲಕ್ವ ಹೊಡೆದು ಕಮಲಾವತಿಯ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತೂ ನಿಂತಿತ್ತು.

“ಇಲ್ಲ ಡಾಕ್ಟ್ರೇ. ನೀವು ಹೇಳಿದ ಹಾಗೆಯೇ, ಬೆಳಿಗ್ಗೆ ಒಂದು.”

“ರಾತ್ರಿ ಊಟ ಆದ ಮೇಲೆ ಇನ್ನೊಂದು ಹೇಳಿದ್ದೆನಲ್ಲ?”

“ನಮಗೆಲ್ಲಿ ರಾತ್ರಿ ಊಟ? ಹೊತ್ತು ಕಂತುವ ಮೊದಲೇ ಉಣ್ಣುವ ಜೈನರು ನಾವು, ಮತ್ತೆ ನೀರೂ ಮುಟ್ಟುವುದಿಲ್ಲ. ಊಟವೇ ಇಲ್ಲದ ಮೇಲೆ ಆ ಮಾತ್ರೆ ನಮಗಲ್ಲ ಅಂತ…” ‘ಒಂದು ಮಾತ್ರೆ ಉಳಿಯಿತಲ್ಲ ಮಾರಾಯ್ತಿ’ ಎಂದು ಹೆಂಡತಿಯ ಹತ್ತಿರ ತಮಾಷೆ ಮಾಡಿದವರೂ ಜಿನರಾಜರೇ. ಡಾಕ್ಟರು ಬಯ್ಯಲಿಲ್ಲ. ಇನ್ನು ರಾತ್ರಿಯದ್ದನ್ನೂ ಪುಡಿ ಮಾಡಿ ಚಮಚದಲ್ಲಿ ಕೊಡಿ ಎಂದು ನರ್ಸಿಗೆ ಹೇಳಿ ಹೊರಟುಹೋದರು.

ಇಲ್ಲಿಯದೇ ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ಮಗಳು ತ್ರಿಶಾ ಅಮ್ಮನ ಕಾಲ ಬಳಿ ಕುಳಿತಿದ್ದಳು.

“ಒಂದು ಮಾತ್ರೆಗೆ ಇಷ್ಟೆಲ್ಲ ಆಗ್ತದಾ ಮಗಾ?”

“ರಕ್ತನಾಳದ ಗೋಡೆಯಲ್ಲಿ ಪ್ರೊಟೀನುಗಳುಂಟು ಅಪ್ಪ, ಕಿವಿ ಇದ್ದ ಹಾಗೆ. ಬಿಗಿ ಮಾಡು ಅಂತ ರಕ್ತದಲ್ಲಿ ಸುದ್ದಿ ಬರ್ತದೆ. ಅವು ಕೇಳಿ ಒಳಗೆ ದಾಟಿಸ್ತವೆ. ನಾಳ ಬಿಗಿಯುತ್ತದೆ, ಪ್ರೆಶರ್ ಏರ್ತದೆ. ಮಾತ್ರೆ ಆ ಕಿವಿ ಮುಚ್ಚಿ ಹಿಡಿಯುವುದು. ಸಂಜೆಯಾಗುವಾಗ ಅದರ ಕೈ ಸೋಲ್ತದೆ.”

“ಮತ್ತೆ ರಾತ್ರಿ?”

“ರಾತ್ರಿಯಿಡೀ ಸುದ್ದಿ ಕೇಳ್ತಾ ಇದ್ದವು.” ಅವಳು ಅಪ್ಪನ ಮುಖ ನೋಡಲಿಲ್ಲ. “ಹೊತ್ತು ಕಂತಿದ್ದು ಅವಕ್ಕೆ ಗೊತ್ತಾಗುವುದಿಲ್ಲ.”

ದೀಪ ಹಚ್ಚುವ ಹೊತ್ತಿಗೆ ನರ್ಸು ಮಾತ್ರೆ ಕದಡಿದ ನೀರು ತಂದಳು. ಕಮಲಾವತಿಯ ಕಣ್ಣು ಕಿಟಕಿಗೆ ಹೋಯಿತು. ಹೊರಗೆ ಕತ್ತಲು. ತುಟಿಯ ಜೀವವಿದ್ದ ಅರ್ಧ ಗಟ್ಟಿಯಾಗಿ ಮುಚ್ಚಿಕೊಂಡಿತು.

“ಔಷಧಿಗೆ ದೋಷ ಇಲ್ಲಮ್ಮ” ಎಂದಳು ತ್ರಿಶಾ. ತುಟಿ ಅಲ್ಲಾಡಲಿಲ್ಲ.

ಜಿನರಾಜರು ಎದ್ದು ಹೋಗಿ ಕಿಟಕಿಯ ಪರದೆ ಎಳೆದರು. ತಿರುಗಿ ಬಂದು ಹೆಂಡತಿಯ ಹಣೆಯ ಮೇಲೆ ಕೈಯಿಟ್ಟರು.

“ಇನ್ನೂ ಬಿಸಿಲುಂಟು ಕಮಲಾ. ಕುಡಿ.”

ಕಮಲಾವತಿ ಗಂಡನ ಮುಖವನ್ನೇ ನೋಡಿದರು. ಮದುವೆಯಾದಂದಿನಿಂದ ಜಿನರಾಜರು ಹೇಳಿದ ಮೊದಲ ಸುಳ್ಳು ಅದೆಂದು ಆ ಕಣ್ಣಿಗೆ ಗೊತ್ತಿತ್ತು. ಆಮೇಲೆ ಬಾಯಿ ತೆರೆದರು. ಬಿಳಿ ನೀರು ಬಲಗಡೆಯ ತುಟಿಯಿಂದ ಜಾರಿ ದಿಂಬಿಗಿಳಿಯಿತು.