ಹಲ್ಲಿನ ಪಥ್ಯ

ಮಂಚಮ್ಮ ಎಲೆ ಅಡಿಕೆ ತಟ್ಟೆ ಹಿಡಿದು ಹೊಸಿಲಾಚೆ ನಿಂತಿದ್ದನ್ನು ಕಂಡಾಗ ಮಾಯಮ್ಮನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಓರಗಿತ್ತಿಯರಿಬ್ಬರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಆದರೂ ಮಾಯಮ್ಮನ ಎಮ್ಮೆ ಮಂಚಮ್ಮನ ಅಲಸಂದೆ ಹೊಲಕ್ಕೆ ನುಗ್ಗಿದ ದಿನ ಇಬ್ಬರ ಮಾತೂ ಹೋಗಬಾರದ ಕಡೆಗೆಲ್ಲ ಹೋಗಿ, ಅಲ್ಲಿಂದಾಚೆಗೆ ಒಬ್ಬರ ಮನೆಗೆ ಒಬ್ಬರು ಕಾಲಿಟ್ಟಿರಲಿಲ್ಲ. ಮಾವನ ತಿಥಿಯನ್ನೂ ಬೇರೆ ಬೇರೆ ಮಾಡಿದ್ದರು.

"ಬಾ ಒಳಕ್ಕೆ," ಎಂದಳು ಮಾಯಮ್ಮ, ತುಟಿ ತೆರೆದೂ ತೆರೆಯದ ಹಾಗೆ.

ಮಂಚಮ್ಮ ಬಂದು ಚಾಪೆಯ ತುದಿಗಷ್ಟೇ ಕುಳಿತಳು. "ಹೇಮನ ಮದ್ವೆ ಗೊತ್ತಾಯ್ತು ಕಣಕ್ಕ. ಬರೋ ಬ್ಯಾಸ್ತವಾರ ಕರಿಘಟ್ಟದಲ್ಲಿ ಧಾರೆ. ಗಂಡು ನಾಗಮಂಗಲದ ಕಡೆ, ಹೊಣಕೆರೆಯೋರು." ಬಾಯಿಪಾಠ ಒಪ್ಪಿಸಿದಂತೆ ಇಷ್ಟು ಹೇಳಿ ದನಿ ತಗ್ಗಿಸಿದಳು. "ದೊಡ್ಡವ್ವ ಬಂದು ಅರಿಶ್ಣ ಅಚ್ಚೋಗಂಟ ಅಸೆಮಣೆ ಮೇಲೆ ಕುಂತ್ಕಳಕಿಲ್ಲ ಅಂತ ಅಟ ಇಡ್ದವ್ಳೆ."

ಮಗಳು ಹೇಮಶ್ರೀ ಹುಟ್ಟಿದಾಗ ಮಂಚಮ್ಮ ಮೇಲೇಳಲಾರದೆ ಮಲಗಿದ್ದಳು. ಆ ಕೂಸಿಗೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ತೊಟ್ಟಿಲು ತೂಗಿದ್ದೆಲ್ಲ ಮಾಯಮ್ಮನೇ. ಜಗಳವಾದ ಮೇಲೆ ಹುಡುಗಿ ಬೆಳೆದದ್ದನ್ನು ಹಿತ್ತಲಿನಿಂದ ಕದ್ದು ನೋಡಿದ್ದಷ್ಟೆ. ಹ್ಞೂಂ ಎಂದು ತಲೆಯಾಡಿಸಿದಳು.

ಮಂಚಮ್ಮ ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ನೀಡಿದಳು. ತಾನೂ ಒಂದನ್ನು ಬಾಯಿಗಿಟ್ಟುಕೊಂಡಳು. ಮುನಿಸು ಮುರಿಯುವುದೆಂದರೆ ಆ ಊರಿನಲ್ಲಿ ಹಾಗೆಯೇ, ಎದುರುಬದುರು ಕುಳಿತು ಎಲೆ ಜಗಿಯಬೇಕು.

ಮಾಯಮ್ಮನ ಕೈ ಅರ್ಧಕ್ಕೇ ನಿಂತಿತು. ಮೊನ್ನೆಯಷ್ಟೇ, ಮೈಸೂರಿನಲ್ಲಿ ಕೆಲಸಕ್ಕಿದ್ದ ತನ್ನ ಮಗಳು ರಂಜಿತಳ ಜೊತೆ ಹೋಗಿ ಹಲ್ಲು ಬೆಳ್ಳಗೆ ಮಾಡಿಸಿಕೊಂಡು ಬಂದಿದ್ದಳು. ಅಷ್ಟೂ ಕಾಲದ ಎಲೆ ಅಡಿಕೆಯ ಕರೆಯನ್ನು ಕೆರೆದು ತೆಗೆದು, ಮದ್ದು ಹಚ್ಚಿದ ಡಾಕ್ಟರಮ್ಮ ಕಳಿಸುವ ಮುಂಚೆ ಒತ್ತಿ ಒತ್ತಿ ಹೇಳಿದ್ದರು: "ಸ್ವಲ್ಪ ದಿನ ಹಲ್ಲು ಬೇಗ ಬಣ್ಣ ಹಿಡಿಯುತ್ತೆ, ಎಚ್ಚರ. ಕಾಫಿ, ಟೀ ಬೇಡ. ಅರಿಶಿನ ಹಾಕಿದ ಸಾರು ಬೇಡ. ಇದ್ದಿಲು ಪುಡಿಯಲ್ಲಿ ಉಜ್ಜಬೇಡಿ, ಮೆತ್ತನೆಯ ಬ್ರಷ್ ತಗೊಳ್ಳಿ. ಎಲೆ ಅಡಿಕೆಯಂತೂ ಮುಟ್ಟಲೇಬೇಡಿ, ಮಾಡಿದ್ದೆಲ್ಲ ದಂಡವಾಗುತ್ತೆ." ಅವತ್ತಿನಿಂದ ಮುದ್ದೆ ಸಾರು ಬಿಟ್ಟು ಹಾಲನ್ನ, ಬಾಳೆಹಣ್ಣಿನಲ್ಲಿ ಕಾಲ ಹಾಕುತ್ತಿದ್ದವಳನ್ನು ನೋಡಿ ಗಂಡ ಚಿಕ್ಕಸ್ವಾಮಿ, "ಬಾಣ್ತಿಗೂ ಇಂಥ ಪಥ್ಯ ಇಲ್ಲ ಕಣಮ್ಮಿ," ಎಂದು ನಕ್ಕಿದ್ದ.

ಇದನ್ನೆಲ್ಲ ಮಂಚಮ್ಮನಿಗೆ ಹೇಳಬಹುದಿತ್ತು. ಹೇಳಿದರೆ ಯಾಕೆ ಮಾಡಿಸಿದೆ ಎಂಬ ಮಾತು ಬರುತ್ತದೆ. ಅದಕ್ಕೆ ಬಿಗುಮಾನ ಬಿಡಲಿಲ್ಲ.

"ನಂಗೆ ಬ್ಯಾಡ ಕಣವ್ವ. ಡಾಕ್ಟ್ರು ತಿನ್ಬ್ಯಾಡ ಅಂದವ್ರೆ."

ಮಂಚಮ್ಮನ ಮುಖ ಕಪ್ಪಿಟ್ಟಿತು. "ಯಾವ ಡಾಕ್ಟ್ರು? ಎದ್ದಾಗಿಂದ ಮನೀಕ್ಕಳೋಗಂಟ ಬಾಯಲ್ಲಿ ಎಲೆ ಮಡಿಕ್ಕಂಡಿರೋಳು ನೀನು. ನನ್ ಕೈಯಿಂದ ಈಸ್ಕಳಾಕೆ ಮನ್ಸಿಲ್ಲ ಅಂದ್ಬುಡು, ಆಗೋಯ್ತು." ತಟ್ಟೆ ಎತ್ತಿಕೊಂಡು ಎದ್ದಳು. "ಕರಿಯೋದು ನನ್ ಧರ್ಮ, ಕರ್ದಿವ್ನಿ. ಮಗೀಗೆ ಏನಾರ ಏಳ್ಕತೀನಿ ಬುಡು."

ಅವಳು ಹೊಸಿಲು ದಾಟುವಷ್ಟರಲ್ಲಿ ಮಾಯಮ್ಮ ಧಾವಿಸಿ ಬಂದು, ಮಡಿಸಿಟ್ಟ ಎಲೆಯನ್ನು ತಟ್ಟೆಯಿಂದ ಎತ್ತಿ ಬಾಯಿಗೆ ತುರುಕಿಕೊಂಡಳು. ಬಾಗಿಲ ಬೆಳಕು ನೇರ ಹಲ್ಲಿನ ಮೇಲೆ ಬಿತ್ತು. ಅದರ ಬಿಳುಪು ಕಂಡು, ಡಾಕ್ಟರ ಮಾತು ನೆಪವಲ್ಲವೆಂದು ಹೊಳೆದು ಮಂಚಮ್ಮ ಬೆಚ್ಚಿಬಿದ್ದಳು. ತಟ್ಟೆ ಕೆಳಗಿಟ್ಟವಳೇ ಓರಗಿತ್ತಿಯ ಗದ್ದ ಹಿಡಿದು, "ಉಗಿ! ಉಗಿಯಕ್ಕ ಮೊದ್ಲು!" ಎನ್ನುತ್ತ, ಕೂಸಿನ ಬಾಯಿಂದ ಮಣ್ಣು ತೆಗೆಯುವವಳ ಹಾಗೆ ಬೆರಳು ಹಾಕಿ ಎಲೆಯನ್ನು ಈಚೆಗೆಳೆದಳು. ಪುಣ್ಯಕ್ಕೆ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಚೊಂಬಿನ ನೀರು ಕೊಟ್ಟು ಬಾಯಿ ಮುಕ್ಕಳಿಸುವಂತೆ ಮಾಡಿ, ಬಗ್ಗಿ ನೋಡಿದಳು. "ಅಲ್ಲ ಕಣಕ್ಕ, ಬೆಳ್ಳುಳ್ಳಿ ಎಸಳಿದ್ದಂಗವೆ! ನಿಂಗೆ ಈ ವಯಸ್ನಲ್ಲಿ ಇದೇನು ಬಂತು?"

ಮಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಬೇರೆ ಕಡೆ ನೋಡುತ್ತ ಹೇಳಿದಳು. "ನೀವು ಮದ್ವೆ ಮಾತಾಡೋದು ಗೋಡೆ ಆಚಿಂದ ಕೇಳುಸ್ತು. ವಿಡಿಯೋದೋರ್ನ ಕರುಸ್ತೀವಿ ಅಂದಿದ್ದೂ ಕೇಳುಸ್ತು. ನೀನು ಕರೀದಿದ್ರೂ ಬಂದು ಒಂದು ಮೂಲೇಲಿ ನಿಂತ್ಕಳೋದು ಅಂತಿದ್ದೆ ಕಣೆ. ಹೆಣ್ಣಿನ ದೊಡ್ಡವ್ವ ಕರೀಹಲ್ಲೋಳು ಅಂತ ಗಂಡಿನ ಕಡೆಯೋರು ಆಡ್ಕಬಾರ್ದಲ್ಲ."

ಮಂಚಮ್ಮ ಅಂಗಳಕ್ಕೆ ಹೋಗಿ ತನ್ನ ಬಾಯಲ್ಲಿದ್ದ ಎಲೆಯನ್ನು ಉಗಿದು, ಮುಖಕ್ಕೆ ಅಗತ್ಯಕ್ಕಿಂತ ಹೆಚ್ಚೇ ನೀರು ಎರಚಿಕೊಂಡು ಬಂದಳು.

"ಒತ್ತಾರೆಯಿಂದ ಏನಾರ ಉಂಡಿದ್ದೀಯಾ?"

ಮಾಯಮ್ಮ ಇಲ್ಲವೆಂದು ತಲೆಯಾಡಿಸಿದಳು. ಮಂಚಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ನಡೆದಳು. ಮೊಸರಿನ ಗಡಿಗೆ ಎಲ್ಲಿದೆಯೆಂದು ಅವಳು ಕೇಳಲಿಲ್ಲ.