ಸದ್ದು ಮಾಡದ ಕ್ಯಾಮೆರಾ

ಡ್ರಾಯಿಂಗ್ ಟೀಚರ್ ಕ್ಯಾಮೆರಾವನ್ನು ಕಣ್ಣಿಗಲ್ಲ, ಕಿವಿಗೆ ಹಿಡಿದು ಗುಂಡಿ ಒತ್ತಿದರು. ಸೇಲ್ಸ್‌ಮನ್‌ಗೆ ನಗು ತಡೆಯಲಾಗಲಿಲ್ಲ.

“ಮೇಡಮ್, ಅದು ಫೋನ್ ಅಲ್ಲ,” ಎಂದವನು ಅವರ ತಮ್ಮನ ಕಡೆ ತಿರುಗಿದ. “ಸರ್, ನೀವಾದ್ರೂ ಹೇಳಿ.”

ತಮ್ಮನೂ ನಕ್ಕ. ಅಕ್ಕನನ್ನು ಕಾರಿನಲ್ಲಿ ಕರೆತಂದು ಬಿಟ್ಟುಹೋಗುತ್ತೇನೆಂದು ಬಂದವನು ಅಂಗಡಿಯೊಳಗೆ ಕಾಲಿಟ್ಟದ್ದೇ ತಾನೇ ಗಿರಾಕಿಯಾಗಿಬಿಟ್ಟಿದ್ದ. ಕ್ಯಾಮೆರಾ ಯಾರಿಗೆ ಎಂಬ ಪ್ರಶ್ನೆಗೆ “ನಮ್ಮಕ್ಕಂಗೆ. ಭಾನುವಾರದ ಹವ್ಯಾಸ” ಎಂದು ಉತ್ತರ ಕೊಟ್ಟದ್ದೂ ಅವನೇ. ಅಲ್ಲಿಂದಾಚೆಗೆ ಮಾತೆಲ್ಲ ಆ ಇಬ್ಬರ ನಡುವೆಯೇ ಓಡಾಡುತ್ತಿತ್ತು.

“ಇದು ಟಕ್ ಅಂತಿದೆ, ಬೇಡ.” ಟೀಚರ್ ಆ ದಪ್ಪ ಕಪ್ಪು ಕ್ಯಾಮೆರಾವನ್ನು ಗಾಜಿನ ಮೇಲಿಟ್ಟರು. “ಸದ್ದೇ ಮಾಡದ್ದು ಕೊಡಿ ಅಂದೆ.”

“ಬೀಪ್ ಆಫ್ ಮಾಡಿಕೊಡ್ತೀನಿ ಬಿಡಿ, ಮೇಡಮ್.”

“ಬೀಪ್ ಬೇರೆ, ಟಕ್ ಅನ್ನೋ ಶಟರ್ ಬೇರೆ.”

“ಸರ್, ಇದರ ಜೂಮ್ ನೋಡಿ.” ಕ್ಯಾಮೆರಾ ಆಗಲೇ ತಮ್ಮನ ಕೈ ಸೇರಿತ್ತು. “ಚಂದ್ರನ ಮೇಲಿನ ಕುಳಿ ಕೂಡ ಕಾಣುತ್ತೆ.”

“ಚಂದ್ರನ್ನ ಕಟ್ಕೊಂಡು ನಾನೇನು ಮಾಡ್ಲಿ? ಅಪ್ಪ ನನ್ನಿಂದ ಎರಡು ಮೊಳ ದೂರದಲ್ಲಿ ಕೂತಿರ್ತಾರೆ.”

“ಅಪ್ಪನ ಫೋಟೊಗೆ ಇಷ್ಟೆಲ್ಲ ಯಾಕಕ್ಕಾ? ನನ್ನ ಫೋನಲ್ಲೇ ಎಷ್ಟು ಚೆನ್ನಾಗಿ ಬರುತ್ತೆ,” ಎಂದ ತಮ್ಮ.

“ನಿನ್ನ ಫೋನು ಅಪ್ಪನ ಸುಕ್ಕನ್ನೆಲ್ಲ ಒರೆಸಿಹಾಕುತ್ತೆ. ಆ ಮಬ್ಬು ಬೆಳಕಲ್ಲಿ ಮೇಣದ ಗೊಂಬೆ ಥರ ಕಾಣ್ತಾರೆ.”

“ಸರಿ ಮಾರಾಯ್ತಿ. ಆದ್ರೆ ತಗೊಳ್ಳೋದೇ ಆದ್ರೆ ದೊಡ್ಡದೇ ತಗೋ. ಹೆಗಲಿಗೆ ಹಾಕ್ಕೊಂಡ್ರೆ ಫೋಟೊಗ್ರಾಫರ್ ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು.”

ಟೀಚರ್‌ಗೆ ಮೈಯೆಲ್ಲ ಉರಿಯಿತು. ಅಪ್ಪ ಗಡಿಯಾರ ರಿಪೇರಿ ಮಾಡುವವರು. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿ, ಒಂದೇ ಟೇಬಲ್ ದೀಪ. ಮುಂದಿನ ತಿಂಗಳು ಅದಕ್ಕೆ ಬೀಗ. ಕೆಲಸ ಮುಗಿದ ಗಡಿಯಾರವನ್ನು ಅವರು ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಾರೆ. ಆಗ ಯಾರಾದರೂ ಮಾತಾಡಿಸಿದರೆ ಎಡಗೈಯೆತ್ತಿ ಅಂಗೈ ತೋರಿಸುತ್ತಾರೆ, ತಡಿ, ಕೇಳಿಸಿಕೊಳ್ತಿದೀನಿ ಎಂದು. ಪಕ್ಕದ ಕೋಣೆಯಿಂದ ತನ್ನನ್ನು ಯಾರೋ ಕರೆದರೇ ಎಂದು ಆಲಿಸುವವರ ಮುಖ ಇರುತ್ತದಲ್ಲ, ಹಾಗಿರುತ್ತದೆ ಆಗ ಅವರ ಮುಖ. ಟೀಚರ್‌ಗೆ ಬೇಕಾದದ್ದು ಆ ಮುಖ. ಆದರೆ ಹಳೆಯ ಕ್ಯಾಮೆರಾ ಫಟ್ ಎಂದೊಡನೆ ಅಪ್ಪ ಕಣ್ಣು ಬಿಟ್ಟು, “ನಿನ್ನ ಪೆಟ್ಟಿಗೆ ಕೆಮ್ಮಿತಲ್ಲೇ. ಎಲ್ಲಿದ್ದೆ ಅನ್ನೋದೇ ಮರೆತುಹೋಯ್ತು” ಎನ್ನುತ್ತಾರೆ. ಮೊದಲ ಫೋಟೊದಲ್ಲಿ ಬೆಳಕು ಸಾಲದು, ಮುಂದಿನದು ತೆಗೆಯುವಷ್ಟರಲ್ಲಿ ಮುಖ ಹೋಗಿರುತ್ತದೆ. ಇದನ್ನೆಲ್ಲ ಈ ಕೌಂಟರಿನಲ್ಲಿ ಬಿಡಿಸಿ ಹೇಳಬೇಕೇ? ಸೇಲ್ಸ್‌ಮನ್ ಹೊರಗಿನವನು, ಹೋಗಲಿ. ತಮ್ಮ ಅದೇ ಅಪ್ಪನ ಮಗ. ಬುತ್ತಿ ಕೊಡಲು ಅಂಗಡಿಗೆ ಹೋದರೂ ಕಾರಿನಿಂದ ಇಳಿಯದೆ ಹಾರ್ನ್ ಹೊಡೆಯುವವನು.

“ಆ ಮೂಲೆಯಲ್ಲಿರೋ ಚಿಕ್ಕದನ್ನ ಕೊಡಿ,” ಎಂದರು ಟೀಚರ್.

“ಅದು ಹಳೇ ಮಾಡೆಲ್, ಮೇಡಮ್.”

“ನಾನೂ ಹಳೇ ಮಾಡೆಲ್ಲೇ. ಕೊಡಿ.”

ಅವನು ಒಲ್ಲದ ಮನಸ್ಸಿನಿಂದ ತೆಗೆದುಕೊಟ್ಟು ಮತ್ತೆ ದೊಡ್ಡದರ ಗುಣಗಾನಕ್ಕೆ ಮರಳಿದ. ಟೀಚರ್ ತಾವೇ ಶಟರ್ ಸದ್ದನ್ನು ನಿಲ್ಲಿಸಿ, ಕ್ಯಾಮೆರಾವನ್ನು ಕಿವಿಗೆ ಹಿಡಿದರು. ತಲೆಯ ಮೇಲೆ ಸ್ಪೀಕರಿನಲ್ಲಿ ಹಾಡು ಅರಚುತ್ತಿತ್ತು, ಏನೂ ತಿಳಿಯಲಿಲ್ಲ. ಅವರಿಗರಿವಿಲ್ಲದೆ ಎಡಗೈ ಮೇಲೆದ್ದು ಅಂಗೈ ತೆರೆದುಕೊಂಡಿತು.

ಗಂಡಸರಿಬ್ಬರೂ ನೋಡಲಿಲ್ಲ. ಬಿಲ್ ಕೌಂಟರಿನಲ್ಲಿ ಕೂತಿದ್ದ ಹೆಂಗಸು ಕನ್ನಡಕ ಹಣೆಗೇರಿಸಿ ಒಮ್ಮೆ ನೋಡಿದಳು. ಏನು, ಯಾಕೆ ಎಂದು ಕೇಳಲಿಲ್ಲ. ಕೈಚಾಚಿ ಹಾಡು ನಿಲ್ಲಿಸಿದಳು.

ಟೀಚರ್ ಗುಂಡಿ ಒತ್ತಿದರು. ಕಿವಿಗೆ ತಮ್ಮದೇ ಉಸಿರಷ್ಟೇ ಕೇಳಿಸಿತು. ಕ್ಯಾಮೆರಾವನ್ನು ಸೊಂಟದ ಮಟ್ಟಕ್ಕಿಳಿಸಿ, ಪರದೆ ಮೇಲೆತ್ತಿ, ಇನ್ನೊಮ್ಮೆ ಒತ್ತಿದರು.

“ಅಕ್ಕಾ, ತೀರ್ಮಾನ ಆಯ್ತು. ಇದೇ ನಿಂಗೆ ಸರಿ,” ಎಂದು ತಮ್ಮ ದಪ್ಪ ಕ್ಯಾಮೆರಾ ಎತ್ತಿ ತೋರಿಸಿದ.

“ಇದನ್ನೊಂದು ನೋಡು.”

ಪರದೆಯಲ್ಲಿ ಅವನೂ ಸೇಲ್ಸ್‌ಮನ್ನೂ ತಲೆಗೆ ತಲೆ ತಾಗಿಸಿ ಕ್ಯಾಮೆರಾದ ಮೇಲೆ ಬಾಗಿದ್ದರು. ಅವರ ಹೆಗಲುಗಳ ನಡುವಿನ ಕಿಂಡಿಯಲ್ಲಿ, ಹಾಡು ನಿಲ್ಲಿಸಿದ ಗುಂಡಿಯ ಮೇಲೆ ಇನ್ನೂ ಬೆರಳಿಟ್ಟುಕೊಂಡೇ ಬಿಲ್ ಕೌಂಟರಿನ ಹೆಂಗಸು ನೇರವಾಗಿ ಇತ್ತ ನೋಡುತ್ತಿದ್ದಳು. ಅವಳ ಹಣೆಯ ಗೆರೆಗಳು ಒಂದೂ ಮಾಸಿರಲಿಲ್ಲ.

“ಇದು ಯಾವಾಗ ತೆಗೆದೆ? ಗೊತ್ತೇ ಆಗ್ಲಿಲ್ವಲ್ಲ.”

“ನನಗೆ ಏನು ಬೇಕು ಅಂತ ನೀವಿಬ್ರೂ ತೀರ್ಮಾನ ಮಾಡ್ತಿದ್ರಲ್ಲ, ಆಗ.”

ತಮ್ಮ ದಪ್ಪ ಕ್ಯಾಮೆರಾವನ್ನು ಗಾಜಿನ ಮೇಲಿಟ್ಟ. ಸೇಲ್ಸ್‌ಮನ್ ಕತ್ತು ಚಾಚಿ ಫೋಟೊ ನೋಡಿ ತಲೆದೂಗಿದ. ಆಮೇಲೆ ತಮ್ಮನ ಕಡೆಗೇ ತಿರುಗಿ, “ಹಾಗಾದ್ರೆ ಸರ್, ಯಾವುದನ್ನ ಪ್ಯಾಕ್ ಮಾಡ್ಲಿ?” ಎಂದ.

ಟೀಚರ್ ಮತ್ತೆ ಗುಂಡಿ ಒತ್ತಿದರು. ಸದ್ದಾಗಲಿಲ್ಲ. ಈ ಸಲದ ಫೋಟೊದಲ್ಲಿ ಸೇಲ್ಸ್‌ಮನ್ ತಮ್ಮನ ಮುಖ ನೋಡುತ್ತಿದ್ದ. ಕಿವಿ ಕೆಂಪಾಗಿದ್ದ ತಮ್ಮ, ಅಂಗಡಿಗೆ ಬಂದಮೇಲೆ ಮೊದಲ ಬಾರಿಗೆ, ಅಕ್ಕನನ್ನು ನೋಡುತ್ತಿದ್ದ.