ಹೂಂಗುಟ್ಟದ ಬೋರ್ಡು

ಕಂಪ್ಯೂಟರ್ ಬೋರ್ಡುಗಳಿಗೆ ಯುಎಸ್‌ಬಿ ಡ್ರೈವರನ್ನು, ಅಂದರೆ ಪೆನ್‌ಡ್ರೈವ್ ಸಿಕ್ಕಿಸಿದಾಗ ಏನು ಮಾಡಬೇಕೆಂಬ ಪಾಠವನ್ನು, ಕತೆಯಾಗಿ ಹೇಳಿ ಕಲಿಸುವುದು ನನ್ನ ಕೆಲಸ. ಪ್ರತಿ ವಾಕ್ಯಕ್ಕೂ ಬೋರ್ಡು ಹೂಂಗುಟ್ಟಬೇಕು. ಮೊದಲ ಮತ್ತು ಎರಡನೆಯ ಮಾದರಿಯ ಬೋರ್ಡುಗಳು ಸರಾಗವಾಗಿ ಕಲಿತವು. ಹೊಸದಾಗಿ ಬಂದ ಮೂರನೆಯ ಮಾದರಿಯ ನಲವತ್ತರಲ್ಲಿ ನಾನು ಮೊದಲು ಕೈಗೆತ್ತಿಕೊಂಡದ್ದು ಮಾತ್ರ, "ಪೆನ್‌ಡ್ರೈವ್ ಬಂದು ಬಾಗಿಲು ತಟ್ಟಿತು" ಎನ್ನುವಲ್ಲಿಗೆ ಬಂದರೆ ಎಚ್ಚರ ತಪ್ಪಿ ಬೀಳುತ್ತಿತ್ತು.

"ಹನ್ನೊಂದು ಸಲ ಬಿತ್ತಲ್ಲೇ ಹಂಸಿನಿ," ಎಂದರು ಮೇಲ್ವಿಚಾರಕಿ ಪುಟ್ಟಗೌರಮ್ಮ. "ಟೀ ಬರೋದ್ರೊಳಗೆ ಕಲೀದಿದ್ರೆ ಈ ನಲವತ್ತೂ ಗುಜರಿಗೆ."

"ಇದು ದಡ್ಡ ಅಲ್ಲ ಮೇಡಂ."

"ಮತ್ತೆ? ನಿನ್ನ ಹಾಗೆ ಕನಸು ಕಾಣ್ತಿದ್ಯಾ?"

ನಾನು ಬೋರ್ಡನ್ನೇ ಕೇಳಿದೆ. ಅದು ಮೆಲ್ಲಗೆ ಹೇಳಿತು: "ಯಾರು ಬಂದ್ರು ಅಂತ ನಾನು ನೋಡೋಷ್ಟ್ರಲ್ಲಿ ನೀವು ಒಳಗೇ ಕರ್ಕೊಂಡು ಬಂದ್ಬಿಡ್ತೀರಕ್ಕ."

ನಾಚಿಕೆಯಾಯಿತು. ಥಟ್ಟನೆ ಹೂಂ ಅನ್ನುತ್ತಿದ್ದ ಹಳೆಯ ಬೋರ್ಡುಗಳಿಗೆ ಹೇಳಿ ಹೇಳಿ ಕತೆ ಬಾಯಿಪಾಠವಾಗಿ, ಹೂಂ ಬಂತೋ ಇಲ್ಲವೋ ಎಂದು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ. ನನ್ನಜ್ಜಿಯಾದರೆ ನಾವು ಹೂಂ ಅನ್ನದೆ ರಾಜಕುಮಾರಿಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ.

"ಪೆನ್‌ಡ್ರೈವ್ ಬಂದು ಬಾಗಿಲು ತಟ್ಟಿತು," ಎಂದು ಹೇಳಿ ಸುಮ್ಮನೆ ಕುಳಿತೆ. ಹೊರಗೆ ಟೀ ಲೋಟಗಳ ಸದ್ದಾಯಿತು. ಪುಟ್ಟಗೌರಮ್ಮ ಬೋರ್ಡನ್ನು ಆರಿಸಲು ಸ್ವಿಚ್ಚಿಗೆ ಕೈ ಚಾಚಿದರು.

"ಹೂಂ," ಎಂದಿತು ಬೋರ್ಡು.

"ಬಾಗಿಲು ತೆರೆಯಿತು. ಪೆನ್‌ಡ್ರೈವ್ ಒಳಗೆ ಬಂತು."

"ಹೂಂ. ಆಮೇಲೆ?"

ಡ್ರೈವರು ಅಲ್ಲಿಗೆ ಮುಗಿದಿತ್ತು. ಹಾಗೆಂದು ಹೇಳಲು ತಿರುಗಿದರೆ, ಪುಟ್ಟಗೌರಮ್ಮ ಸ್ಟೂಲು ಎಳೆದುಕೊಂಡು ಕುಳಿತಿದ್ದರು.

"ಹೇಳೇ, ಆಮೇಲೆ?"

ನಾನು ಪೆನ್‌ಡ್ರೈವಿಗೊಬ್ಬಳು ತಂಗಿಯನ್ನು ಹುಟ್ಟಿಸಿದೆ.